ಹುರಿ ಬಿಚ್ಚಬೇಡ

ಕನ್ನಡ ಎಂ.ಎ. ಓದಿದವರಿಗೆಲ್ಲ ‘ಯಮಾತಾರಾಜಭಾನಸಲಗಂ’ ಬಾಯಿಗೆ ಬಂದೇ ಬರುತ್ತದೆ. ಎಂಟು ಅಕ್ಷರಗಣಗಳನ್ನು ನೆನಪಿಟ್ಟುಕೊಳ್ಳಲು ಹಿಂದೆ ಯಾರೋ ಪುಣ್ಯಾತ್ಮರು ಕಟ್ಟಿಕೊಟ್ಟ ಸೂತ್ರ ಅದು. ನನಗೆ ಈಗ ಎಂಟರ ಇನ್ನೊಂದು ಸೂತ್ರವೂ ಬಾಯಿಗೆ ಬರುತ್ತದೆ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಮೊದಲನೆಯದನ್ನು ಕಲಿಸಿದವರು ಮೇಷ್ಟ್ರು, ಎರಡನೆಯದನ್ನು ಕಲಿಸಿದವರು ನನ್ನ ಚಿಕ್ಕಪ್ಪ. ಮೊದಲನೆಯದು ತಪ್ಪಿದರೆ ಪರೀಕ್ಷೆಯಲ್ಲಿ ಎರಡು ಅಂಕ ಹೋಗುತ್ತದೆ. ಎರಡನೆಯದು ತಪ್ಪಿದರೆ ಏನು ಹೋಗುತ್ತದೆ ಎಂಬುದು ಸ್ವಲ್ಪ ಉದ್ದದ ಕತೆ.

ನಿಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಬ್ಯಾಂಕಿನ ಕೌಂಟರಿನ ಕೆಳಗೆ, ಮನೆಯ ವೈಫೈ ಡಬ್ಬಿಯ ಹಿಂದೆ ನೀಲಿಯದೋ ಬೂದಿಯದೋ ಒಂದು ಕೇಬಲ್ಲು ಇರುತ್ತದಲ್ಲ, ಅದರ ಹೊದಿಕೆ ಸೀಳಿದರೆ ಒಳಗೆ ಎಂಟು ತಂತಿಗಳಿರುತ್ತವೆ. ಎರಡೆರಡು ಸೇರಿ ನಾಲ್ಕು ಜೋಡಿ. ಪ್ರತಿ ಜೋಡಿಯೂ ಒಂದಕ್ಕೊಂದು ಹೊಸೆದುಕೊಂಡಿರುತ್ತದೆ. ನೋಡಲು ಚೆಂದ ಇರಲಿ ಎಂದು ಹಾಗೆ ಮಾಡಿದ್ದಲ್ಲ. ಜೋಡಿಯ ಒಂದು ತಂತಿಯಲ್ಲಿ ಹೋಗುವ ಸಂಕೇತದ ತದ್ವಿರುದ್ಧವಾದದ್ದು ಇನ್ನೊಂದರಲ್ಲಿ ಹೋಗುತ್ತದೆ. ಆ ತುದಿಯಲ್ಲಿ ಕೂತ ಯಂತ್ರ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಓದಿಕೊಳ್ಳುತ್ತದೆ. ದಾರಿಯಲ್ಲಿ ಟ್ಯೂಬ್‌ಲೈಟಿನದೋ ಮೋಟಾರಿನದೋ ಗದ್ದಲ ಬಂದು ಬಿದ್ದರೆ, ತಂತಿಗಳು ಸುತ್ತಿಕೊಂಡಿರುವುದರಿಂದ ಅದು ಎರಡರ ಮೇಲೂ ಸಮನಾಗಿ ಬೀಳುತ್ತದೆ, ವ್ಯತ್ಯಾಸ ನೋಡುವಾಗ ತಾನಾಗಿ ಕಳೆದುಹೋಗುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದ. ನಾಲ್ಕೂ ಜೋಡಿಗಳ ಸುತ್ತು ಒಂದೇ ಸಮ ಇರುವುದಿಲ್ಲ, ಒಂದು ಬಿಗಿ, ಒಂದು ಸಡಿಲ. ಪಕ್ಕಪಕ್ಕದ ಜೋಡಿಗಳು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಿಕೊಳ್ಳದಿರಲಿ ಎಂದು ಈ ಏರ್ಪಾಡು.

ಚಿಕ್ಕಪ್ಪ ಈ ಸುತ್ತಿಗೆ ‘ಹುರಿ’ ಎನ್ನುತ್ತಾರೆ. ನಾನು ಅವರ ಜೊತೆ ಕೆಲಸಕ್ಕೆ ಹೋದ ಮೊದಲ ದಿನ ಕೇಳಿದ ಮೊದಲ ಮಾತೇ ಅದು: “ಹುರಿ ಜಾಸ್ತಿ ಬಿಚ್ಚಬೇಡ ಕಣವ್ವಾ.” ನಮ್ಮದು ಅರಸೀಕೆರೆ ಕಡೆ. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡುತ್ತಲೇ ಬೆಳೆದವರು ನಾವು. ಅಜ್ಜಿ ಹಗ್ಗ ಹೊಸೆಯುವಾಗ ಹುರಿ ಬಿಗಿಯಾಗಿಲ್ಲ, ಹುರಿ ಬಿಟ್ಟುಕೊಂಡಿದೆ ಎಂದೆಲ್ಲ ಹೇಳುತ್ತಿದ್ದುದು ಕಿವಿಯಲ್ಲಿದೆ. ಆ ಪದ ಹಗ್ಗದಿಂದ ನೆಟ್‌ವರ್ಕ್ ಕೇಬಲ್ಲಿಗೆ ದಾಟಿಕೊಂಡದ್ದನ್ನು ಕೇಳಿದಾಗ ನಾನು ಕೈಯಲ್ಲಿದ್ದ ಸ್ಟ್ರಿಪ್ಪರನ್ನು ಕೆಳಗಿಟ್ಟು ಮೊಬೈಲಿನಲ್ಲಿ ಬರೆದುಕೊಂಡೆ. ಚಿಕ್ಕಪ್ಪ, “ಇದೇನು, ಇದನ್ನೂ ಬರ್ಕೊತೀಯಾ?” ಎಂದು ನಕ್ಕರು.

ಬರೆದುಕೊಳ್ಳುವುದೇ ನನ್ನ ಕೆಲಸ. ಕಸುಬಿನ ಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾರೇ ಆದರೂ ತೆಲುಗಿನ ಭದ್ರಿರಾಜು ಕೃಷ್ಣಮೂರ್ತಿಯವರನ್ನು ದಾಟಿ ಹೋಗಲಾಗದು. ಬೇಸಾಯದ ಪದಗಳನ್ನು ಊರೂರಿನಿಂದ ಸಂಗ್ರಹಿಸಿ 1962ರಲ್ಲಿ ಅವರು ಹೊರತಂದ ಮಾಂಡಲಿಕ ವೃತ್ತಿಪದಕೋಶ ನಮ್ಮಂಥವರಿಗೆ ಇವತ್ತಿಗೂ ಮಾದರಿ. ನನ್ನ ಪಟ್ಟಿಯಲ್ಲಿ ಕುಂಬಾರರಿದ್ದರು, ನೇಕಾರರಿದ್ದರು, ಗಾಣದವರಿದ್ದರು. ಕೇಬಲ್ ಎಳೆಯುವವರು ಇರಲಿಲ್ಲ. ಅಲ್ಲಿ ಏನಿದೆ ಕನ್ನಡ, ಎಲ್ಲ ಇಂಗ್ಲಿಷೇ ಅಲ್ಲವೇ ಎಂಬುದು ನನ್ನ ಮಾರ್ಗದರ್ಶಕರ ಅಭಿಪ್ರಾಯ. ಚಿಕ್ಕಪ್ಪನ ಜೊತೆ ಹೋಗುವವರೆಗೆ ನನಗೂ ಹಾಗೇ ಅನ್ನಿಸಿತ್ತು.

ಹಾಗೆಂದು ನಾನು ಹೋದದ್ದು ಪದ ಹೆಕ್ಕಲು ಅಲ್ಲ. ನನ್ನ ಫೆಲೋಶಿಪ್ ಏಳು ತಿಂಗಳು ಬರಲಿಲ್ಲ. ಕೇಳಿದಾಗಲೆಲ್ಲ ಕಡತ ಮೇಲೆ ಹೋಗಿದೆ ಎನ್ನುತ್ತಿದ್ದರು. ಎಷ್ಟು ಮೇಲೆ ಹೋಯಿತೋ, ಇಳಿಯುವ ದಾರಿ ಅದಕ್ಕೆ ಮರೆತೇಹೋಗಿತ್ತು. ಹಾಸ್ಟೆಲ್ ಬಿಲ್ಲು ಬೆಳೆಯಿತು. ಅಪ್ಪನನ್ನು ಕೇಳುವ ಹಾಗಿರಲಿಲ್ಲ. ಹಾಸನದಲ್ಲಿದ್ದ ಚಿಕ್ಕಪ್ಪ, “ಸುಮ್ನೆ ಕೂರೋ ಬದಲು ನನ್ನ ಜೊತೆ ಬಾ, ದಿನದ ಲೆಕ್ಕದಲ್ಲಿ ಕೊಡ್ತೀನಿ” ಎಂದರು. ಆಗ ಅವರು ಹೇಳದೇ ಬಿಟ್ಟ ಇನ್ನೊಂದು ಕಾರಣವಿತ್ತು. ಅದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಅವರ ಚೀಲದಲ್ಲಿರುವುದು ಹೆಚ್ಚೇನಿಲ್ಲ. ಹೊದಿಕೆ ಸೀಳುವ ಸ್ಟ್ರಿಪ್ಪರ್, ಕತ್ತರಿ, ಕ್ರಿಂಪಿಂಗ್ ಟೂಲ್, ಕ್ರೋನ್ ಟೂಲ್, ಟೆಸ್ಟರ್, ಒಂದು ಡಬ್ಬಿ ಕನೆಕ್ಟರ್. ಕ್ರಿಂಪಿಂಗ್ ಟೂಲು ನೋಡಲು ಅಡಕತ್ತರಿಯ ದೊಡ್ಡಣ್ಣನ ಹಾಗಿದೆ. ಎಂಟು ತಂತಿಗಳನ್ನು ಸಾಲಾಗಿ ನೆಟ್ಟಗೆ ಮಾಡಿ, ತುದಿ ಸಮಕ್ಕೆ ಕತ್ತರಿಸಿ, ಗಾಜಿನಂಥ ಪ್ಲಾಸ್ಟಿಕ್ ಕನೆಕ್ಟರಿನೊಳಕ್ಕೆ ತೂರಿಸಿ, ಟೂಲಿನ ಬಾಯಿಗಿಟ್ಟು ಒತ್ತಬೇಕು. ಕನೆಕ್ಟರಿನೊಳಗೆ ಕಾದು ನಿಂತಿರುವ ಎಂಟು ಪುಟ್ಟ ಲೋಹದ ಹಲ್ಲುಗಳು ಕೆಳಗಿಳಿದು ತಂತಿಯ ಬಣ್ಣದ ಸಿಪ್ಪೆಯನ್ನು ತಾವೇ ಸೀಳಿಕೊಂಡು ತಾಮ್ರವನ್ನು ಕಚ್ಚುತ್ತವೆ. ಒಳ್ಳೆಯ ಟೂಲಿನಲ್ಲಿ ರ‍್ಯಾಚೆಟ್ ಇರುತ್ತದೆ, ಪೂರ್ತಿ ಒತ್ತುವವರೆಗೆ ಹಿಡಿಕೆ ಬಿಟ್ಟುಕೊಡುವುದಿಲ್ಲ. ಕಟಕ್ ಎಂದರೆ ಮುಗಿಯಿತು. ತಪ್ಪಾಗಿದ್ದರೆ ಬಿಚ್ಚುವ ಮಾತಿಲ್ಲ, ಕತ್ತರಿಸಿ ಎಸೆದು ಹೊಸದು ಹಾಕಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಎಲ್ಲರೂ ಆರ್‌ಜೆ45 ಎಂದು ಕರೆಯುವ ಈ ಕನೆಕ್ಟರು ನಿಜವಾಗಿ ಆರ್‌ಜೆ45 ಅಲ್ಲ. ಆ ಹೆಸರು ಅಮೆರಿಕದ ಟೆಲಿಫೋನ್ ವ್ಯವಸ್ಥೆಯ ಬೇರೊಂದು ಕನೆಕ್ಟರಿನದು, ಅದರ ಪಕ್ಕದಲ್ಲೊಂದು ಉಬ್ಬು ಇರುತ್ತಿತ್ತು. ನಮ್ಮ ಕೈಯಲ್ಲಿರುವುದರ ಸರಿಯಾದ ಹೆಸರು 8ಪಿ8ಸಿ. ಎಸ್.ಪಿ. ರೋಡಿನ ಅಂಗಡಿಯಲ್ಲಿ 8ಪಿ8ಸಿ ಕೊಡಿ ಎಂದು ಕೇಳಿ ನೋಡಿ, ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಭಾಷೆ ಓದುವವಳಿಗೆ ಇದರಿಂದ ಖುಷಿಯೇ ಆಯಿತು. ಡಬ್ಬಿಯ ಮೇಲೆ ಹಲ್ಲಿನ ಚಿನ್ನದ ಲೇಪ ‘50 ಮೈಕ್ರಾನ್’ ಎಂದು ಬರೆದಿರುತ್ತಾರಲ್ಲ, ಅದು ಮಾತ್ರ ಖುಷಿಪಡುವಂಥದ್ದಲ್ಲ. ಅದು ಮೈಕ್ರಾನ್ ಅಲ್ಲ, ಇಂಚಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕ. ಮೈಕ್ರಾನಿನಲ್ಲಿ ಹೇಳಿದರೆ 1.27 ಅಷ್ಟೇ.

ಚಿಕ್ಕಪ್ಪನಿಗೆ ಪ್ರೀತಿ ಇರುವುದು ಕ್ರೋನ್ ಟೂಲಿನ ಮೇಲೆ. ಹುಡುಗನಾಗಿದ್ದಾಗ ಟೆಲಿಫೋನ್ ಕೇಬಲ್ ಜೋಡಿಸುವವರ ಕೈಕೆಳಗೆ ದಿನಗೂಲಿಗೆ ಹೋಗುತ್ತಿದ್ದರಂತೆ, ಆಗಿನದು ಅದು. ಬಿಳಿ ಹಿಡಿಕೆ ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ತಂತಿಯನ್ನು ಸೀಳುಗಂಡಿಯ ಮೇಲಿಟ್ಟು ಟೂಲಿನಿಂದ ಒತ್ತಿದರೆ ಸ್ಪ್ರಿಂಗು ಟಕ್ಕೆಂದು ಬಡಿದು ತಂತಿ ಒಳಗೆ ಕೂರುತ್ತದೆ, ಮಿಕ್ಕಿದ ತುದಿ ಅದೇ ಏಟಿಗೆ ಕತ್ತರಿಸಿ ಬೀಳುತ್ತದೆ. ಕ್ರೋನ್ ಎಂಬುದು ಜರ್ಮನಿಯ ಕಂಪನಿಯ ಹೆಸರು, ಬೆಂಗಳೂರಿನಲ್ಲೂ ಅದರ ಕಾರ್ಖಾನೆ ಇತ್ತು. ಅವರು ಈ ಜೋಡಣೆಗೆ ಎಲ್‌ಎಸ್‌ಎ ಎಂದು ಹೆಸರಿಟ್ಟಿದ್ದಾರೆ. ಬೆಸುಗೆ ಬೇಡ, ತಿರುಪು ಬೇಡ, ಸಿಪ್ಪೆ ಸುಲಿಯುವುದೂ ಬೇಡ ಎಂಬ ಮೂರು ಜರ್ಮನ್ ಪದಗಳ ಮೊದಲಕ್ಷರಗಳು. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಟೂಲನ್ನು ತಿರುಗಿಸಿ ನೋಡಿ, “ಮೂರು ಕೆಲ್ಸ ಉಳಿಸ್ದೋನು ಕೂಲಿ ಮಾತ್ರ ಹೆಚ್ಚು ಮಾಡ್ಲಿಲ್ಲ” ಎಂದರು.

ದಿನಕ್ಕೆ ಹದಿನೈದಿಪ್ಪತ್ತು ತುದಿ ಕಟ್ಟುತ್ತಿದ್ದೆವು. ಕಟ್ಟುವುದು ಎನ್ನುವುದೂ ಅವರದೇ ಮಾತು. ತುದಿ ಕಟ್ಟು, ಸಿಪ್ಪೆ ಬಿಡಿಸು, ಜಡೆ ಬಿಚ್ಚು, ಸಾಲು ಹಿಡಿ, ತಲೆ ಸವರು, ಮನೆಗೆ ಕೂರಿಸು. ‘ಮನೆ’ ಎಂದರೆ ಕನೆಕ್ಟರಿನೊಳಗೆ ಒಂದೊಂದು ತಂತಿಗೂ ಇರುವ ಕಾಲುವೆ. ಚನ್ನೆಮಣೆಯ ಮನೆಗಳ ಹಾಗೆ. ಬಿಳಿ ತಂತಿಗಳಿಗೆ ಅವರಿಟ್ಟ ಹೆಸರು ‘ಜೊತೆಗಾರ’. ನಾಲ್ಕು ಬಿಳಿಗಳೂ ನೋಡಲು ಹೆಚ್ಚುಕಡಿಮೆ ಒಂದೇ, ಮೈಮೇಲೆ ತೆಳ್ಳನೆಯ ಬಣ್ಣದ ಗೆರೆ ಮಾತ್ರ ಬೇರೆ. ಅಗ್ಗದ ಕೇಬಲ್ಲಿನಲ್ಲಿ ಆ ಗೆರೆಯೂ ಇದೆಯೋ ಇಲ್ಲವೋ ಎಂಬಂತಿರುತ್ತದೆ. “ಬಿಳಿಗೆ ಗುರುತಿಲ್ಲ, ಅದು ಯಾರ ಜೊತೆಗಾರ ಅಂತ ನೋಡು. ಎಲ್ಲಾ ಜಡೆನೂ ಒಟ್ಟಿಗೆ ಬಿಚ್ಚಬೇಡ. ಒಂದು ಬಿಚ್ಚು, ಸಾಲಲ್ಲಿ ಹಿಡ್ಕೊ, ಆಮೇಲೆ ಇನ್ನೊಂದು.” ಇದು ಯಾವ ಪುಸ್ತಕದಲ್ಲೂ ಇಲ್ಲದ ಉಪಾಯ ಎಂದುಕೊಂಡು ನಾನು ಅದನ್ನೂ ಬರೆದುಕೊಂಡೆ. ಬಿಚ್ಚಿದ ಹುರಿ 13 ಮಿಲಿಮೀಟರ್ ದಾಟಬಾರದು ಎಂಬ ನಿಯಮ ಪುಸ್ತಕದಲ್ಲಿದೆ. ಅವರು ಕಿರುಬೆರಳಿನ ಉಗುರಿನಷ್ಟು ಎನ್ನುತ್ತಿದ್ದರು.

ಒಂದು ಖಾಸಗಿ ಕಾಲೇಜಿನ ಲ್ಯಾಬಿನ ಕೆಲಸವನ್ನು ಚಿಕ್ಕಪ್ಪ ನಾನು ಬರುವ ಮೊದಲೇ ಮುಗಿಸಿದ್ದರು. 32 ಕಂಪ್ಯೂಟರು. ನಿಯಮದ ಪ್ರಕಾರ ಗೋಡೆಗೆ ಸಾಕೆಟ್ ಕೂರಿಸಿ ಕ್ರೋನ್ ಮಾಡಿ, ಅಲ್ಲಿಂದ ಬೇರೆ ತುಂಡು ಕೇಬಲ್ ಹಾಕಬೇಕು. ಖರ್ಚು ಉಳಿಸಲು ಅವರು ಹೇಳಿದಂತೆ ಸ್ವಿಚ್ಚಿನಿಂದ ಟೇಬಲ್ಲಿಗೆ ಒಂದೇ ಕೇಬಲ್ ಎಳೆದು ಎರಡೂ ತುದಿಗೆ ಕನೆಕ್ಟರ್ ಹೊಡೆಸಿಕೊಂಡಿದ್ದರು. ನಮ್ಮ ಕಡೆ ಮುಕ್ಕಾಲು ಪಾಲು ಕೆಲಸ ನಡೆಯುವುದು ಹೀಗೆಯೇ. ಕೊನೆಯ ಕಂತು 38 ಸಾವಿರ ಬಾಕಿ ಇತ್ತು. ಕೆಲವು ಕಂಪ್ಯೂಟರಿಗೆ ನೆಟ್ ಸರಿಯಾಗಿ ಬರುತ್ತಿಲ್ಲ, ಸರಿಮಾಡಿದ ಮೇಲೇ ದುಡ್ಡು ಎಂದು ಫೋನು ಬಂತು. ಚಿಕ್ಕಪ್ಪ ಟೆಸ್ಟರ್ ಹಿಡಿದು ಹೊರಟರು, ನಾನೂ ಹಿಂದೆ ಹೋದೆ.

ಟೆಸ್ಟರ್ ಎಂದರೆ ಸಾಬೂನು ಪೆಟ್ಟಿಗೆಯಂಥ ಎರಡು ಡಬ್ಬಿ. ಕೇಬಲ್ಲಿನ ಒಂದೊಂದು ತುದಿಗೆ ಒಂದೊಂದು ಸಿಕ್ಕಿಸಿದರೆ ಎರಡರಲ್ಲೂ 1ರಿಂದ 8ರವರೆಗೆ ದೀಪಗಳು ಸಾಲಾಗಿ ಹತ್ತುತ್ತವೆ. ದೂರು ಬಂದ ಹನ್ನೊಂದು ಕೇಬಲ್ಲಿಗೂ ಹಾಕಿ ನೋಡಿದೆವು. ಒಂದು, ಎರಡು, ಮೂರು, ನಾಲ್ಕು, ಎಲ್ಲ ಸರಿಯಾಗಿಯೇ ಹತ್ತಿದವು. “ಲೈಟ್ ಎಲ್ಲಾ ಸರಿಗೈತೆ, ನಿಮ್ ಕಂಪ್ಯೂಟ್ರೇ ಸರಿ ಇಲ್ಲ” ಎಂದರು ಚಿಕ್ಕಪ್ಪ. ಲ್ಯಾಬಿನ ಹುಡುಗ ಕಂಪ್ಯೂಟರ್ ಬದಲಿಸಿ ತೋರಿಸಿದ. ಕಂಪ್ಯೂಟರ್ ಸರಿಯಾಗಿತ್ತು. ಕೆಲವು ಕೇಬಲ್ಲಿನಲ್ಲಿ ವೇಗ ಹತ್ತನೇ ಒಂದು ಪಾಲಿಗೆ ಇಳಿದು ಕೂತಿತ್ತು, ಕೆಲವು ಆಗಾಗ ಕಡಿದುಹೋಗಿ ಮತ್ತೆ ಬರುತ್ತಿದ್ದವು.

ನಾನು ಒಂದು ಕನೆಕ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಏನೂ ತಪ್ಪು ಕಾಣಲಿಲ್ಲ. ಕಾಣದಿದ್ದುದಕ್ಕೆ ಕಾರಣ, ಅದು ಸರಿಯಾದದ್ದಕ್ಕಿಂತ ಅಚ್ಚುಕಟ್ಟಾಗಿತ್ತು. ಬಿಳಿನೀಲಿ, ನೀಲಿ, ಬಿಳಿಹಸಿರು, ಹಸಿರು. ಜೋಡಿಗಳೆಲ್ಲ ಪಕ್ಕಪಕ್ಕ. ಆದರೆ ಸರಿಯಾದ ಸಾಲು ಹಾಗಿಲ್ಲ. ನಾಲ್ಕು ಮತ್ತು ಐದನೇ ಮನೆಯಲ್ಲಿ ನೀಲಿ ಜೋಡಿ, ಅದರ ಆಚೆ ಈಚೆ ಮೂರು ಮತ್ತು ಆರರಲ್ಲಿ ಹಸಿರು ಜೋಡಿ ಬರಬೇಕು. ಇಂಥ ವಕ್ರಕ್ಕೆ ಕಾರಣ ಟೆಲಿಫೋನು. ಹಳೆಯ ಟೆಲಿಫೋನ್ ಪ್ಲಗ್ಗಿನಲ್ಲಿ ಮೊದಲ ಲೈನು ಸರಿಯಾಗಿ ನಡುವೆ ಇರುತ್ತಿತ್ತು, ಎರಡನೆಯದು ಅದರ ಎರಡು ಪಕ್ಕಕ್ಕೆ. ಆ ಲೆಕ್ಕ ಕೆಡದಿರಲೆಂದು ಕಂಪ್ಯೂಟರಿನ ಕನೆಕ್ಟರಿನಲ್ಲೂ ನಡುಮನೆಯನ್ನು ಹಾಗೆಯೇ ಇಟ್ಟರು. ಮೂರು ಮತ್ತು ಆರನ್ನು ಕಂಪ್ಯೂಟರು ಒಂದೇ ಜೋಡಿ ಎಂದು ನಂಬಿ ಕೆಲಸ ಮಾಡುತ್ತದೆ. ಆ ಹನ್ನೊಂದು ಕೇಬಲ್ಲುಗಳಲ್ಲಿ ಮೂರಕ್ಕೆ ಹೋದ ತಂತಿ ನೀಲಿಯ ಜೊತೆಗಾರ, ಆರಕ್ಕೆ ಹೋದದ್ದು ಹಸಿರು. ಎರಡೂ ಒಂದಕ್ಕೊಂದು ಹೊಸೆದುಕೊಂಡವಲ್ಲ. ಹುರಿಯಿಂದ ಸಿಗಬೇಕಾದ ರಕ್ಷಣೆ ಇಡೀ ಉದ್ದಕ್ಕೂ ಇಲ್ಲ, ಮೇಲೆ ಪಕ್ಕದ ಜೋಡಿಯ ಗದ್ದಲ ಬೇರೆ. ವಿದ್ಯುತ್ತು ಮಾತ್ರ ಈ ತುದಿಯ ಮೂರರಿಂದ ಆ ತುದಿಯ ಮೂರಕ್ಕೇ ಹೋಗುತ್ತದೆ, ಹಾಗಾಗಿ ದೀಪ ಹತ್ತುತ್ತದೆ. ಯಾರು ಯಾರಿಗೆ ಜೊತೆಗಾರ ಎಂದು ಆ ಅಗ್ಗದ ಟೆಸ್ಟರ್ ಕೇಳುವುದೇ ಇಲ್ಲ. ಅದನ್ನು ಅಳೆಯುವ ಯಂತ್ರಕ್ಕೆ ಬೆಲೆ ಹೆಚ್ಚು.

ಹೀಗಾಗಲು ಎರಡೂ ತುದಿಯಲ್ಲಿ ಒಂದೇ ತಪ್ಪು ಆಗಿರಬೇಕು. ಮೂವತ್ತು ವರ್ಷ ಕೈಯಾಡಿಸಿದವರಿಂದ ಹನ್ನೊಂದು ಸಲ, ಎರಡೂ ಕಡೆ? ನಾನು ಲ್ಯಾಬಿನ ನೆಲದ ಮೇಲೆ ಕೂತು ಯೋಚಿಸಿದಾಗ ಹೊಳೆಯಿತು. ಒಂದೇ ತುದಿಯಲ್ಲಿ ಬಿಳಿಹಸಿರು, ಬಿಳಿನೀಲಿ ಅದಲುಬದಲಾದರೆ ಟೆಸ್ಟರ್ ಹಿಡಿಯುತ್ತದೆ. ಇಲ್ಲಿ ಮೂರು ಹತ್ತಿದರೆ ಅಲ್ಲಿ ಐದು ಹತ್ತುತ್ತದೆ. ಆದರೆ ಯಾವ ತುದಿಯದು ತಪ್ಪು ಎಂದು ಹೇಳುವುದಿಲ್ಲ. ಅದನ್ನು ಕಣ್ಣೇ ನೋಡಿ ಹೇಳಬೇಕು. ಕಣ್ಣು ಹೇಳದಿದ್ದರೆ? ಯಾವುದೋ ಒಂದು ತುದಿ ಕತ್ತರಿಸಿ, ಆ ಎರಡನ್ನು ಅದಲುಬದಲು ಮಾಡಿ ಮತ್ತೆ ಹೊಡೆಯುತ್ತೀರಿ. ಕತ್ತರಿಸಿದ್ದು ಸರಿಯಿದ್ದ ತುದಿಯಾಗಿದ್ದರೆ ಈಗ ಎರಡೂ ತಪ್ಪು, ದೀಪಗಳು ಮಾತ್ರ ಸರಿ.

ನಾನು ಏನೂ ಹೇಳಲಿಲ್ಲ. ಎರಡು ತಿಂಗಳಿಂದ ನೋಡಿದ್ದೆಲ್ಲ ಒಂದೊಂದಾಗಿ ಸಾಲಿಗೆ ಬಂದು ಕೂತಿತು. ಸಾಲು ಹಿಡಿದ ಮೇಲೆ “ನೀನೊಂದು ಸಲ ಓದು” ಎಂದು ನನ್ನ ಕಡೆ ಚಾಚುತ್ತಿದ್ದುದು. ಅದನ್ನು ನಾನು ಪಾಠ ಎಂದುಕೊಂಡಿದ್ದೆ. ಟೇಬಲ್ಲಿನ ಕೆಳಗಿನ ತುದಿಗಳನ್ನೆಲ್ಲ ನನಗೇ ಬಿಡುತ್ತಿದ್ದುದು, ಮಂಡಿ ನೋವು ಎಂಬ ನೆಪ. ಜಡೆ ಒಂದೊಂದೇ ಬಿಚ್ಚು ಎಂಬ ಉಪಾಯ. ಅದು ಪುಸ್ತಕದಲ್ಲಿ ಯಾಕಿರಲಿಲ್ಲ ಎಂದರೆ ಬಣ್ಣ ಕಾಣುವವರಿಗೆ ಅದರ ಅಗತ್ಯವೇ ಇಲ್ಲ. ಆದರೆ ಸಾಲಿನಿಂದ ಒಂದು ಬಿಳಿ ಜಾರಿ ಹೊರಗೆ ಬಂದರೆ, ಹುರಿ ಬಿಚ್ಚಿಹೋಗಿರುವುದರಿಂದ, ಅದು ಯಾರ ಜೊತೆಗಾರ ಎಂದು ಹೇಳಲು ಆ ತೆಳುಗೆರೆ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಚಿಕ್ಕಪ್ಪನೇ ಬಾಯಿಬಿಟ್ಟರು. “ಮೂರೂ ಐದೂ ತಾನೇ?” ಎಂದರು. ಹೌದು ಎಂದೆ. “ನೀಲಿ ಹಾಳಾದ್ದು. ಸಂಜೆ ಆದ್ರೆ ನಂಗೆ ನೀಲಿನೂ ಹಸ್ರೂ ಅಕ್ಕ ತಂಗೀರು ಇದ್ದಂಗೆ ಕಾಣ್ತವೆ.” ಹೇಳಿದ ಧಾಟಿಯಲ್ಲಿ ನಾಚಿಕೆ ಇರಲಿಲ್ಲ, ಬೈಗುಳವಿತ್ತು. “ಯಾರಿಗೂ ಹೇಳಬೇಡ. ಗೊತ್ತಾದ್ರೆ ಕೆಲ್ಸ ಕೊಡೋರು ಯಾರು?” ಅವರಿಗೆ ಆಗ 54. ಮಗಳ ಡಿಪ್ಲೊಮಾದ ಇನ್ನೂ ಎರಡು ವರ್ಷದ ಫೀಸು ಮುಂದಿತ್ತು.

ಆ ರಾತ್ರಿಯೇ ಹನ್ನೊಂದು ಕೇಬಲ್ಲಿನ ಇಪ್ಪತ್ತೆರಡು ತುದಿಗಳನ್ನೂ ಮತ್ತೆ ಕಟ್ಟಿದೆವು. ನಾನು ಬಣ್ಣ ಓದುತ್ತಿದ್ದೆ, ಅವರು ಸಾಲು ಹಿಡಿಯುತ್ತಿದ್ದರು. ಸಾಲು ಹಿಡಿಯುವುದರಲ್ಲಿ ಅವರ ಹೆಬ್ಬೆರಳಿಗೆ ಇರುವ ಹಿಡಿತ ನನಗೆ ಬರುವ ಮಾತಲ್ಲ. ನನ್ನವು ತೂರಿಸುವಾಗ ಜರುಗುತ್ತವೆ. ಅವರ ಕೈಯಲ್ಲಿ ಎಂಟೂ ತಂತಿ ಬಾಚಣಿಗೆಯ ಹಲ್ಲಿನ ಹಾಗೆ ನಿಲ್ಲುತ್ತಿದ್ದವು. ಹನ್ನೊಂದರ ಸುಮಾರಿಗೆ ಲ್ಯಾಬಿನ ಕಾವಲುಗಾರ ಚಹಾ ತಂದುಕೊಟ್ಟ. “ಮಗಳಾ?” ಎಂದ. “ಅಣ್ಣನ ಮಗಳು. ದೊಡ್ಡ ಓದು ಓದ್ತಾವ್ಳೆ” ಎಂದರು ಚಿಕ್ಕಪ್ಪ. ದೊಡ್ಡ ಓದು ಓದುತ್ತಿದ್ದವಳು ಟೇಬಲ್ಲಿನ ಕೆಳಗೆ ಟಾರ್ಚ್ ಕಚ್ಚಿಕೊಂಡು ಕೂತಿದ್ದಳು. ಮೂರು ದಿನ ಬಿಟ್ಟು ದುಡ್ಡು ಬಂತು.

ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಲು ಮಾತ್ರ ಒಂದು ತಿಂಗಳು ಹಿಡಿಯಿತು. ಕುರುಡು ಎಂದುಬಿಡುತ್ತಾರೆ ಎಂಬ ಹೆದರಿಕೆ ಅವರಿಗೆ. ಡಾಕ್ಟರು ನೋಡಿ ಪೊರೆ ಎಂದರು, ಸಕ್ಕರೆ ಕಾಯಿಲೆ ಇರುವುದರಿಂದ ಬೇಗ ಬಂದಿದೆ ಎಂದರು. ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗೆ ತಿರುಗುತ್ತದೆ, ಹಳದಿ ಮಸೂರ ಮೊದಲು ತಡೆಯುವುದೇ ನೀಲಿ ಬೆಳಕನ್ನು. ಚಿತ್ರಕಾರ ಕ್ಲಾಡ್ ಮೊನೆಗೂ ಇದೇ ಆಗಿತ್ತು, 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಇದನ್ನು ನಾನು ಧೈರ್ಯ ತುಂಬಲು ಹೇಳಿದೆ. “ಅವನೇನು ಕ್ರಿಂಪ್ ಹೊಡೀತಿದ್ನಾ?” ಎಂದು ಕೇಳಿದರು.

ಎಡಗಣ್ಣಿಗೆ ಮೊದಲು ಮಾಡಿದರು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರು ಹಜಾರದಲ್ಲಿ ನಿಂತು, “ಈ ಗೋಡೆಗೆ ಯಾವಾಗ ಬಣ್ಣ ಹೊಡೆಸಿದ್ರಿ?” ಎಂದು ಚಿಕ್ಕಮ್ಮನನ್ನು ಕೇಳಿದರು. ನಾಲ್ಕು ವರ್ಷದ ಹಿಂದೆ, ನೀವೇ ಹೊಡೆಸಿದ್ದು ಎಂದರು ಚಿಕ್ಕಮ್ಮ. ತಿಳಿನೀಲಿ ಗೋಡೆ ಅದು. ಆಮೇಲೆ ಅವರು ಚೀಲ ಬಿಚ್ಚಿ ಕೇಬಲ್ಲಿನ ಒಂದು ತುಂಡು ತೆಗೆದು, ಹೊದಿಕೆ ಸೀಳಿ, ಎಂಟನ್ನೂ ಒಂದೇ ಸಲಕ್ಕೆ ಬಿಚ್ಚಿ ಕಲಸಿಬಿಟ್ಟು, ಬಲಗಣ್ಣು ಮುಚ್ಚಿಕೊಂಡು ಸಾಲು ಹಿಡಿದರು. ನನಗೆ ಓದಲು ಕೊಡಲಿಲ್ಲ.

ಇಷ್ಟರಲ್ಲಿ ಫೆಲೋಶಿಪ್ ಕಡತವೂ ಮೇಲಿನಿಂದ ಇಳಿದಿತ್ತು. ನಾನು ಹಾಸ್ಟೆಲ್ಲಿಗೆ ವಾಪಸಾದೆ. ಕೇಬಲ್ ಕೆಲಸದ 140 ಚೀಟಿಗಳಾಗಿದ್ದವು. ಮಾರ್ಗದರ್ಶಕರು ಅವುಗಳನ್ನು ನಿಧಾನವಾಗಿ ಓದಿದರು. ಕ್ರಿಂಪ್, ಕ್ರೋನ್, ಜಾಕ್ ಎಂಬವನ್ನು ಬದಿಗೆ ಸರಿಸಿದರು. ಹುರಿ, ಜಡೆ, ಮನೆ, ಜೊತೆಗಾರ ಎಂಬವು ಉಳಿದವು. ನಾನು ಒಪ್ಪಲಿಲ್ಲ. ಕ್ರೋನ್ ಮಾಡು, ಕ್ರೋನ್ ಬಿಟ್ಟುಕೊಂಡಿದೆ, ಕ್ರೋನ್ ಕೂತಿಲ್ಲ ಎಂದು ಹಾಸನದಲ್ಲಿ ದಿನವೂ ಆಡುವ ಪದ ಕನ್ನಡದ ಕಸುಬಿನ ಪದ ಆಗದಿದ್ದರೆ, ಸಾಬೂನು, ಮೇಜು, ಅಲಮಾರುಗಳನ್ನೂ ನಿಘಂಟಿನಿಂದ ಎತ್ತಿ ಹೊರಗಿಡಬೇಕಾಗುತ್ತದೆ ಎಂದೆ. ಹೇಳಿಕೆದಾರರ ಕಲಮಿನಲ್ಲಿ ಒಬ್ಬರೇ ಇದ್ದಾರಲ್ಲ, ಅದು ಸಾಲದು ಎಂದರು. ಆ ಮಾತು ಸರಿ. ಅದಕ್ಕೇ ಈಗ ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣದ ಕೇಬಲ್ಲಿನವರನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ. ತಿಪಟೂರಿನ ಒಬ್ಬರು ಹುರಿ ಎನ್ನುವುದಿಲ್ಲ, ‘ಹೆಣೆ’ ಎನ್ನುತ್ತಾರೆ.

ಹೊರಡುವಾಗ ಚಿಕ್ಕಪ್ಪ ತಮ್ಮ ಹಳೆಯ ಕ್ರಿಂಪಿಂಗ್ ಟೂಲನ್ನು ನನ್ನ ಚೀಲಕ್ಕೆ ಹಾಕಿದ್ದರು. ಇಟ್ಕೋ, ನೆನಪಿಗಿರಲಿ, ನಾನು ಹೊಸದು ತಂದಿದ್ದೀನಿ ಎಂದಿದ್ದರು. ಹಾಸ್ಟೆಲ್ ಮೇಜಿನ ಮೇಲೆ ಅದನ್ನು ಹಾಳೆ ಹಾರದಂತೆ ಇಟ್ಟುಕೊಂಡಿದ್ದೆ. ಕಳೆದ ವಾರ ಫೋನ್ ಮಾಡಿದರು. ಹೊಸದರ ಹಿಡಿಕೆ ಗಟ್ಟಿ, ಇಪ್ಪತ್ತು ತುದಿ ಕಟ್ಟುವಷ್ಟರಲ್ಲಿ ಅಂಗೈ ಉರಿಯುತ್ತದೆ, ಹಳೆಯದನ್ನು ಕೊಟ್ಟುಬಿಡು ಎಂದರು. ಶನಿವಾರ ಬರುವಾಗ ತರುತ್ತೇನೆ ಎಂದೆ. “ಶನಿವಾರ ಯಾಕೆ, ಬೆಳಗ್ಗೆ ಹಾಸನದ ಬಸ್ಸಿಗೆ ಹಾಕು, ಸ್ಟ್ಯಾಂಡಲ್ಲಿ ಇಸ್ಕೊತೀನಿ. ನಾಳೆ ಇಪ್ಪತ್ನಾಲ್ಕು ಪಾಯಿಂಟ್ ಕೆಲ್ಸ ಐತೆ” ಎಂದರು.